ಏಸಿ ಜ್ವರಕ್ಕೆ ಕೂತದ್ದು

ಸರಕಾರದವರು ನಿವೃತ್ತರಿಗೆ ಪಿಂಚಣಿ ಕೊಡುತ್ತಾರೆ. ಬೀಳ್ಕೊಡುಗೆಯ ದಿನ ಒಂದು ಮೈಸೂರು ಪೇಟ, ಒಂದು ಜರಿ ಶಾಲು, ಒಂದು ಗೋಡೆ ಗಡಿಯಾರವನ್ನೂ ಕೊಡುತ್ತಾರೆ. ಮಧ್ಯಾಹ್ನದ ನಿದ್ದೆಯೊಂದನ್ನು ಮಾತ್ರ ಕೊಡುವುದಿಲ್ಲ. ರಾಮನಗರದ ಐಜೂರಿನಲ್ಲಿ ಮನೆ ಕಟ್ಟಿಕೊಂಡಿರುವ ನಿವೃತ್ತ ರೇಷ್ಮೆ ವಿಸ್ತರಣಾಧಿಕಾರಿ ಗಂಗಹನುಮಯ್ಯನವರ ದೂರು ಇದೊಂದೇ. (ಸರ್ವೀಸಿನಲ್ಲಿದ್ದಾಗ ಆ ನಿದ್ದೆ ಆಫೀಸಿನಲ್ಲೇ ಆಗುತ್ತಿತ್ತಲ್ಲ ಎಂದು ಅವರ ಹೆಂಡತಿ ದೊಡ್ಡಲಕ್ಷ್ಮಮ್ಮ ಕೇಳುವುದುಂಟು. ಅದು ಬೇರೆ ವಿಷಯ.)

ಎರಡು ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೇಲೊಂದು ಲೋಟ ನೀರುಮಜ್ಜಿಗೆ. ಇಷ್ಟನ್ನು ಇಳಿಸಿಕೊಂಡು ಮಂಚದ ಮೇಲೆ ಒರಗಿದರೆ ಇಂದ್ರಪದವಿಯೇ ಸರಿ ಎಂದು ಮೂವತ್ತೆರಡು ವರ್ಷ ಕನಸು ಕಂಡಿದ್ದರು. ನಿವೃತ್ತರಾದ ಮೊದಲ ಬೇಸಿಗೆಯಲ್ಲೇ ಕನಸು ಬೆವರಾಗಿ ಹರಿಯಿತು. ಮೇಲಿನಿಂದ ತಾರಸಿ ಕಾಯುತ್ತಿತ್ತು. ಸುತ್ತಲಿನ ಬಂಡೆಗಳು ಬೆಳಗಿನಿಂದ ಕುಡಿದ ಬಿಸಿಲನ್ನೆಲ್ಲ ಮಧ್ಯಾಹ್ನ ಇವರ ಮನೆಯ ಮೇಲೆಯೇ ಉಗುಳುತ್ತಿದ್ದವು. ಫ್ಯಾನು ಬಿಸಿ ಗಾಳಿಯನ್ನು ಸಮನಾಗಿ ಹಂಚುತ್ತಿತ್ತು, ಅಷ್ಟೆ. ಸಾಹೇಬರು ಮಗ್ಗುಲು ಬದಲಾಯಿಸಿದರೆ ಹಾಸಿಗೆಯ ಮೇಲುಹೊದಿಕೆಯೂ ಬೆನ್ನಿಗಂಟಿಕೊಂಡು ಜೊತೆಗೇ ಹೊರಳುತ್ತಿತ್ತು.

"ಏಸಿ ಹಾಕಿಸ್ತೀನಿ," ಎಂದರು ಯುಗಾದಿಯ ಮಾರನೆಯ ದಿನ.

"ಮನೆ ಮುಂದೆ ಅಷ್ಟು ದೊಡ್ಡ ಹೊಂಗೆ ಮರ ಐತೆ. ಅದರ ನೆಳ್ಳಾಗೆ ಮಲಗಿದ್ರೆ ಏನು ಸವೆದೋಗ್ತೀರಾ?" ಎಂದರು ದೊಡ್ಡಲಕ್ಷ್ಮಮ್ಮ.

"ಮಾಜಿ ಅಧಿಕಾರಿ ಬೀದೀಲಿ ಮಲಗೋದಾ? ಕಂಡೋರು ಏನಂತಾರೆ?"

"ಮಲಗವ್ನೆ ಅಂತಾರೆ."

ಹಾಗೆ ಮಲಗಲು ಇಲಾಖೆಯ ಯಾವ ಸುತ್ತೋಲೆಯಲ್ಲೂ ಅವಕಾಶವಿರಲಿಲ್ಲ. ಆದ್ದರಿಂದ ಗಂಗಹನುಮಯ್ಯನವರು ಚಪ್ಪಲಿ ಮೆಟ್ಟಿಕೊಂಡು ಏಸಿ ಅಂಗಡಿಗೆ ಹೋದರು.

ಏಸಿ ಕೂರಿಸಲು ಬಂದವನು ಮೆಕ್ಯಾನಿಕ್ ಗಫಾರ್. ರೇಷ್ಮೆ ನೂಲು ತೆಗೆಯುವ ರೀಲರ್ ಮನೆಯ ಮಗ. ಬೇಯಿಸಿದ ಗೂಡಿನ ಹಬೆಯಲ್ಲಿ ಬೆಳೆದದ್ದಕ್ಕೇ ಇರಬೇಕು, ತಣ್ಣಗೆ ಮಾಡುವ ಕಸುಬು ಹಿಡಿದಿದ್ದ. ಒಳಗಿನ ಪೆಟ್ಟಿಗೆಯನ್ನು ಮಲಗುವ ಕೋಣೆಯ ಗೋಡೆಗೂ ಹೊರಗಿನ ಪೆಟ್ಟಿಗೆಯನ್ನು ಹಿತ್ತಲ ಗೋಡೆಗೂ ಬಿಗಿದು, ಏಸಿಗೆಂದೇ ಬೇರೆ ಪವರ್ ಪ್ಲಗ್ಗು ಕೊಟ್ಟು, ಕೈ ಒರೆಸಿಕೊಂಡು ನಿಂತ.

"ಸಾರ್, ನಾಕೇ ನಾಕು ಮಾತು, ಮನ್ಸಲ್ಲಿ ಇಟ್ಕೊಳಿ. ಒಂದ್ನೇದು, ಹದಿನಾರು ಹದಿನೆಂಟು ಅಂತ ಇಳಿಸ್ಬೇಡಿ, ಕರೆಂಟ್ ಸುಮ್ನೆ ದಂಡ. ಇಪ್ಪತ್ತೈದಕ್ಕೆ ಇಡಿ."

"ಎಷ್ಟಕ್ಕೆ?"

"ಇಪ್ಪತ್ತೈದು ಡಿಗ್ರಿಗೆ ಸಾರ್."

ಅಲ್ಲಿಗೆ ಗಂಗಹನುಮಯ್ಯನವರ ಕಿವಿ ಮುಚ್ಚಿ ಬಾಯಿ ತೆರೆಯಿತು. ಇಪ್ಪತ್ತೈದು ಡಿಗ್ರಿ! ಕೂಟಗಲ್ಲಿನಿಂದ ಮಾಗಡಿಯವರೆಗೆ ರೇಷ್ಮೆ ಸಾಕುವ ಒಂದು ಹುಳು ಮನೆ ಬಿಡದೆ ಅವರು ಸಾರಿಕೊಂಡು ಬಂದ ಮಂತ್ರವೇ ಅದು. "ಲೇ ಗಫಾರ್, ಇದು ನಮ್ಮ ರೇಷ್ಮೆ ಹುಳದ ಉಷ್ಣಾಂಶ ಕಣೋ! ಇದನ್ನ ನೀನು ನನಗೆ ಹೇಳ್ಕೊಡ್ತೀಯಾ? ತೇವಾಂಶ ಎಷ್ಟಿರ್ಬೇಕು, ಬೆಳಕು ಎಷ್ಟಿರ್ಬೇಕು ಅಂತ ಕೇಳು, ನಾನು ಹೇಳ್ತೀನಿ..." ಎಂದು ಶುರುವಾದವರು ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟರು. ಆ ಉಪನ್ಯಾಸದ ಸಂದುಗೊಂದಿಯಲ್ಲಿ ಗಫಾರ್ ಉಳಿದ ಮೂರು ಮಾತನ್ನು ಹೇಗೋ ತೂರಿಸಿದ. ಬಾಗಿಲು ಕಿಟಕಿ ಮುಚ್ಚಿರಿ, ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಿರಿ, ಹೊರಗಿನ ಪೆಟ್ಟಿಗೆಗೆ ಗಾಳಿ ಆಡಲು ಬಿಡಿ. ಮೊದಲಿನ ಎರಡು ಅರ್ಧಂಬರ್ಧ ಕೇಳಿಸಿದವು. ಕೊನೆಯದು "ಗಾಳಿ ಆಡಲು..." ಎನ್ನುವಷ್ಟರಲ್ಲಿ ಉಪನ್ಯಾಸ ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣದ ಹಾವಳಿಗೆ ಬಂದು ಮುಟ್ಟಿತ್ತು.

ಮಾರನೆಯ ದಿನದಿಂದ ಮಲಗುವ ಕೋಣೆ ಹುಳು ಮನೆಯಾಯಿತು.

ಹುಳು ಮನೆಗೆ ಹೋಗುವವರು ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲದ್ದಿ ಹೋಗಬೇಕು, ಹುಳಕ್ಕೆ ರೋಗ ತಗುಲದಿರಲಿ ಎಂದು. ಕೋಣೆಯ ಹೊಸ್ತಿಲಲ್ಲಿ ಅಂಥದೊಂದು ಪ್ಲಾಸ್ಟಿಕ್ ತೊಟ್ಟಿ ಬಂತು. ದೊಡ್ಡಲಕ್ಷ್ಮಮ್ಮನವರ ಕುಂಕುಮ ಬಣ್ಣದ ಸೀರೆಗೆ ಎರಡೇ ದಿನದಲ್ಲಿ ತಾನಾಗಿ ಬಿಳಿಯ ಅಂಚು ಮೂಡಿತು. ಏಸಿ ಗಾಳಿ ಒಣಕಲು, ಹುಳು ಮನೆಗೆ ತೇವಾಂಶ ಎಂಬತ್ತಿರಬೇಕು ಎಂದು ಕಿಟಕಿಗೆಲ್ಲ ಒದ್ದೆ ಗೋಣಿತಾಟು ಇಳಿಬಿದ್ದವು. ಏಸಿಗೆ ಒಳಗಿನ ತೇವ ಹೀರಿ ಹೊರಗೆ ಹಾಕುವ ಕೆಲಸ, ಸಾಹೇಬರಿಗೆ ಬಕೆಟ್ಟಿನಲ್ಲಿ ತಂದು ತೇವ ತುಂಬುವ ಕೆಲಸ. ಇಬ್ಬರೂ ಪೈಪೋಟಿಗೆ ಬಿದ್ದು ದುಡಿದರು. ಏಸಿಯ ಪೈಪಿನಿಂದ ಹಿತ್ತಲಿಗೆ ನೀರು ಸುರಿಯುವುದನ್ನು ನೋಡಿ, "ನೋಡಿದ್ಯಾ, ಎಷ್ಟು ಚೆನ್ನಾಗಿ ಕೆಲ್ಸ ಮಾಡ್ತೈತೆ!" ಎಂದು ಬೀಗಿದರು.

ಇನ್ನು ಹೊರಗಿನ ಪೆಟ್ಟಿಗೆ. ಅದು ಬಿಸಿಲಿಗೆ ಮೈ ಒಡ್ಡಿ ಬುಸುಗುಡುತ್ತಿರುವುದನ್ನು ಕಂಡು ಅವರ ಕರುಳು ಚುರುಕ್ಕೆಂದಿತು. ಎರಡು ಗೋಣಿತಾಟು ನೆನೆಸಿ ಮೈತುಂಬ ಹೊದಿಸಿದರು. ಅದರ ಮೇಲೆ ಊಜಿ ನೊಣ ಹೋಗದ ನೈಲಾನ್ ಬಲೆಯನ್ನು ಸುತ್ತಿ ಹಗ್ಗ ಬಿಗಿದರು. (ಏಸಿಗೆ ಊಜಿ ನೊಣ ಕಚ್ಚಿದ ದಾಖಲೆ ಲೋಕದಲ್ಲಿ ಇಲ್ಲ. ಆದರೆ ಮುನ್ನೆಚ್ಚರಿಕೆ ಎನ್ನುವುದು ಅಧಿಕಾರಿಯಾದವನ ಲಕ್ಷಣ.)

"ಅಲ್ರೀ, ಅದು ಉಸಿರಾಡೋದ್ಯಾವಾಗ?" ಎಂದರು ದೊಡ್ಡಲಕ್ಷ್ಮಮ್ಮ.

"ನೀನು ಇಲಾಖೇಲಿದ್ದೆಯಾ? ನಾನಾ?"

ಒಂಬತ್ತನೆಯ ದಿನ ಮಧ್ಯಾಹ್ನ ಒಂದೂವರೆಗೆ, ಮುದ್ದೆ ಉಂಡು, ಕಾಲದ್ದಿ, ಶಾಖಮಾಪಕ ನೋಡಿ, ಗೋಣಿ ನೆನೆಸಿ, ಸಾಹೇಬರು ಇನ್ನೇನು ತಲೆದಿಂಬಿಗೆ ತಲೆ ಇಡಬೇಕು, ಏಸಿ ಒಮ್ಮೆ ಗೊಟಕ್ಕೆಂದು ತಣ್ಣನೆಯ ಗಾಳಿ ನಿಲ್ಲಿಸಿತು. ಗಾಳಿ ಬಿಡುವ ಬಾಯಿಯ ರೆಕ್ಕೆ ಅರ್ಧ ಎತ್ತಿದ್ದು ಎತ್ತಿದ ಹಾಗೇ ನಿಂತಿತು. ಗಂಗಹನುಮಯ್ಯನವರು ಎದ್ದು ಕೂತು ಅದನ್ನೇ ನೋಡಿದರು. ಮೇವು ಬಿಟ್ಟಿದೆ. ತಲೆ ಎತ್ತಿದೆ. ಅಲ್ಲಾಡುತ್ತಿಲ್ಲ.

"ಲೇ ಇವಳೇ, ಬಾರೇ ಇಲ್ಲಿ! ಏಸಿ ಜ್ವರಕ್ಕೆ ಕೂತೈತೆ!"

ಹುಳು ಸಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳಿಬಿಡುತ್ತೇನೆ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿ ಸಲವೂ ಸೊಪ್ಪು ಬಿಟ್ಟು, ತಲೆ ಎತ್ತಿ, ಒಂದು ದಿನ ಕಲ್ಲಿನ ಹಾಗೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಮುಟ್ಟಬಾರದು, ಕದಲಿಸಬಾರದು, ಮೇವು ಹಾಕಬಾರದು. ತಾನಾಗಿ ಜ್ವರ ಏಳುತ್ತದೆ, ಎದ್ದ ಮೇಲೆ ಮೊದಲಿಗಿಂತ ಚುರುಕಾಗಿ ಮೇಯುತ್ತದೆ. ನಾಲ್ಕನೆಯ ಜ್ವರ ಎದ್ದಿತೆಂದರೆ ಮುಗಿಯಿತು, ಒಂದು ವಾರ ಗಬಗಬ ತಿಂದು ಗೂಡಿಗೆ ಬೀಳುತ್ತದೆ.

ಸಾಹೇಬರು ಒಂದು ರಟ್ಟು ಹುಡುಕಿ, ಇಲಾಖೆಯ ಪ್ರದರ್ಶನಗಳಿಗೆ ಬರೆಯುತ್ತಿದ್ದ ಅದೇ ಉರುಟು ಅಕ್ಷರದಲ್ಲಿ "ಜ್ವರಕ್ಕೆ ಕೂತಿದೆ. ಮುಟ್ಟಬೇಡಿ. ಸದ್ದು ಮಾಡಬೇಡಿ" ಎಂದು ಬರೆದು ಏಸಿಗೆ ತೂಗುಹಾಕಿದರು.

"ಗಫಾರ್‌ಗೆ ಒಂದು ಫೋನ್ ಮಾಡಿ ಅಂದ್ರೆ, ಬೋರ್ಡು ಬರೀತಾ ಕೂತವ್ರೆ," ಎಂದು ದೊಡ್ಡಲಕ್ಷ್ಮಮ್ಮ ಹಣೆ ಚಚ್ಚಿಕೊಂಡರು. "ಅದಕ್ಕೇನು ಬಾಯಿ ಐತಾ ಹೊಟ್ಟೆ ಐತಾ ಜ್ವರ ಬರಕೆ?"

ಆದರೆ ಸಂಜೆ ಬಿಸಿಲು ಇಳಿದ ಮೇಲೆ ಏಸಿ ತಾನಾಗಿ ಗುರ್ರೆಂದು ಎದ್ದಿತು. ಉಸಿರುಕಟ್ಟಿ ಕಾದು ನಿಂತಿದ್ದ ಪೆಟ್ಟಿಗೆ ಆರಿದ ಮೇಲೆ ಓಡಿತು, ಇದಿಷ್ಟೇ ವಿಷಯ. ಗಂಗಹನುಮಯ್ಯನವರಿಗೆ ಮಾತ್ರ ಇದು ಶಾಸ್ತ್ರಸಮ್ಮತ ಪ್ರಮಾಣವಾಯಿತು. "ನೋಡು, ಒಂದನೇ ಜ್ವರ ಎದ್ದೈತೆ. ಮೆಕ್ಯಾನಿಕ್ ಬೇಕಾ ನಿನಗೆ?" ಎಂದು ಹೆಂಡತಿಯನ್ನು ಹಂಗಿಸಿ, ಸಂತೋಷಕ್ಕೆ ಗೋಣಿಗೆ ಇನ್ನೊಂದು ಬಕೆಟ್ ನೀರು ಚಿಮುಕಿಸಿದರು.

ಹದಿನಾಲ್ಕನೆಯ ದಿನ ಎರಡನೆಯ ಜ್ವರ. ಹತ್ತೊಂಬತ್ತನೆಯ ದಿನ ಮೂರನೆಯದು. ಎರಡೂ ಸರಿಯಾಗಿ ಮುದ್ದೆ ಉಂಡ ಮೇಲೆ, ಬಿಸಿಲು ನೆತ್ತಿ ಸೀಳುವ ಹೊತ್ತಿನಲ್ಲಿ. ಏಸಿ ಓಡುವ ದಿನಗಳಲ್ಲಿ ಗೋಣಿ, ಶಾಖಮಾಪಕ, ಕಾಲು ನೀರು ಎಂದು ಸಾಹೇಬರಿಗೆ ಮಲಗಲು ಬಿಡುವಿಲ್ಲ. ಅದು ನಿಂತ ದಿನ ಸೆಕೆಗೆ ನಿದ್ದೆ ಇಲ್ಲ. ಒಟ್ಟಿನಲ್ಲಿ ಏಸಿ ಬಂದ ಮೇಲೆ ಒಂದು ಮಧ್ಯಾಹ್ನವೂ ಅವರ ರೆಪ್ಪೆಗೆ ರೆಪ್ಪೆ ಅಂಟಿರಲಿಲ್ಲ. ಇದರ ನಡುವೆ ಹಿತ್ತಲ ಹಗ್ಗಕ್ಕೆ ಒಣಹಾಕಿದ್ದ ಬೀಳ್ಕೊಡುಗೆಯ ಜರಿ ಶಾಲಿನ ಕುಚ್ಚೆಲ್ಲ ಒಂದೊಂದಾಗಿ ಮಾಯವಾಗತೊಡಗಿತು. "ಬಟ್ಟೆ ಒಗೆಯೋ ರೀತೀನಾ ಇದು? ಸನ್ಮಾನದ ಶಾಲು ಕಣೇ!" ಎಂದು ಆ ಸಿಟ್ಟನ್ನೂ ಹೆಂಡತಿಯ ಮೇಲೆ ತೀರಿಸಿಕೊಂಡರು.

ಮೂರನೆಯ ಜ್ವರದ ದಿನ ಕೂಟಗಲ್ಲಿನಿಂದ ದೊಡ್ಡಲಕ್ಷ್ಮಮ್ಮನವರ ತಮ್ಮ ಅಂಕಯ್ಯ ಬಂದ. ನಲವತ್ತು ವರ್ಷದಿಂದ ಹುಳು ಸಾಕಿದವನು. ಬೋರ್ಡು ಓದಿ, ಏಸಿಯನ್ನು ನೋಡಿ, ಭಾವನನ್ನು ನೋಡಿ, ಅಕ್ಕನನ್ನು ನೋಡಿದ.

"ಭಾವ, ತಪ್ಪು ತಿಳ್ಕಬೇಡಿ. ಇದು ಮಿಷಿನ್ನು ಅಲ್ವಾ?"

"ಅಂಕಯ್ಯ, ನಿನ್ನ ಹುಳು ಮನೆಗೆ ಬಂದು ನಿನಗೆ ಬುದ್ಧಿ ಹೇಳ್ದೋನು ನಾನು."

"ಹೇಳಿದ್ರಿ, ಇಲ್ಲ ಅಂದೋರ್ಯಾರು? ಆ ವರ್ಸ ಬೆಳೆ ಪೂರ್ತಿ ಹೋಯ್ತು."

"ಅದು ಸೊಪ್ಪಿನ ದೋಷ! ನೋಡ್ತಾ ಇರು, ನಾಲ್ಕನೇ ಜ್ವರ ಒಂದು ಎದ್ದೇಳ್ಲಿ. ಆಮೇಲೆ ಇದರ ಕೆಲ್ಸ ನೋಡು. ಗೂಡು ಕಟ್ದೇ ಇದ್ರೆ ನನ್ನ ಹೆಸ್ರು ಗಂಗಹನುಮಯ್ಯನೇ ಅಲ್ಲ!"

ಸಿಟ್ಟಿನ ಭರದಲ್ಲಿ ಏಸಿ ಗೂಡು ಕಟ್ಟುತ್ತದೆ ಎಂದು ಪಣ ತೊಟ್ಟಾಗಿತ್ತು. ಬಾಯಿಂದ ಹೊರಟ ಮಾತು, ಅದೂ ಹೆಂಡತಿಯ ತಮ್ಮನ ಮುಂದೆ ಹೊರಟದ್ದು, ಹಿಂದಕ್ಕೆ ಬರುವುದುಂಟೆ? ಅಂಕಯ್ಯ ನಗು ತಡೆಯಲಾಗದೆ ನೀರು ಕುಡಿಯುವ ನೆಪದಲ್ಲಿ ಅಡಿಗೆ ಮನೆಗೆ ಹೋದ.

ಇಪ್ಪತ್ತೈದನೆಯ ದಿನ ಏಸಿ ನಾಲ್ಕನೆಯ ಜ್ವರಕ್ಕೆ ಕೂತಿತು. ಸಂಜೆ ಏಳಲಿಲ್ಲ. ಮರುದಿನ ಏಳಲಿಲ್ಲ. ಮೂರನೆಯ ದಿನ ಹಿತ್ತಲ ಕಡೆಯಿಂದ ಸುಟ್ಟ ನಾರಿನ ವಾಸನೆ ಬಂದಾಗ ದೊಡ್ಡಲಕ್ಷ್ಮಮ್ಮ ಗಂಡನನ್ನು ಕೇಳದೆ ಪ್ಲಗ್ಗಿನ ಸ್ವಿಚ್ಚು ಆರಿಸಿ, ಗಫಾರನಿಗೂ ತಮ್ಮನಿಗೂ ಫೋನು ಮಾಡಿದರು. "ಜ್ವರ ತಲೆಗೇರೈತೆ, ಬೇಗ ಬನ್ನಿ," ಎಂದಷ್ಟೇ ಹೇಳಿದ್ದರಿಂದ ಅಂಕಯ್ಯ ಗಾಬರಿಯಿಂದ ಎಳನೀರು, ಮೂಸಂಬಿ ಹಿಡಿದುಕೊಂಡು ಓಡಿ ಬಂದ. ಏಸಿಗೆ ಎಂದು ಗೊತ್ತಾದ ಮೇಲೆ ಎಳನೀರನ್ನು ತಾನೇ ಕುಡಿದ.

ಗಫಾರ್ ಹಿತ್ತಲಿಗೆ ಹೋಗಿ ನಿಂತಲ್ಲೇ ನಿಂತ.

"ಏನ್ ಸಾರ್ ಇದು? ಈ ಬಿಸಿಲಲ್ಲಿ ಏಸಿಗೆ ಸ್ವೆಟರ್ ತೊಡ್ಸಿದೀರಾ?"

"ಅದು ಉಷ್ಣಾಂಶ ನಿಯಂತ್ರಣ."

"ಗಾಳಿ ಆಡೋಕೆ ಬಿಡಿ ಅಂದಿದ್ನಲ್ಲ ಸಾರ್! ಇದು ಮನೆ ಒಳಗಿನ ಬಿಸೀನ ತಂದು ಹೊರಗೆ ಊದೋ ಪೆಟ್ಟಿಗೆ. ಬಾಯಿ ಮೂಗು ಕಟ್ಟಿದ್ರೆ ಎಲ್ಲಿ ಊದ್ತದೆ? ನೆಳ್ಳು ಬೇಕಂದ್ರೆ ಮೇಲೆ ದೂರಕ್ಕೆ ಒಂದು ಶೀಟು ಹಾಕ್ಬೇಕಿತ್ತು. ಮೈಗೆ ಸುತ್ತೋದಾ?"

ಇದೇ ಮಾತನ್ನು, ಇದೇ ದನಿಯಲ್ಲಿ, "ಹುಳು ಮನೆಗೆ ಗಾಳಿ ಆಡ್ಬೇಕು ಕಣ್ರಯ್ಯಾ!" ಎಂದು ಗಂಗಹನುಮಯ್ಯನವರು ಸಾವಿರ ರೈತರಿಗೆ ಬೈದಿದ್ದರು. ಆ ಸಾವಿರದಲ್ಲಿ ಒಬ್ಬನಾದ ಅಂಕಯ್ಯ ಪಕ್ಕದಲ್ಲೇ ನಿಂತು ಆಕಾಶ ನೋಡುತ್ತಿದ್ದ. ಸಾಹೇಬರಿಗೆ ನಾಚಿಕೆಯಾಯಿತು. ಆದರೂ ಮೀಸೆ ಮಣ್ಣಾಗಲಿಲ್ಲವೆಂಬಂತೆ ಕೆಮ್ಮಿದರು.

ಗಫಾರ್ ಬಲೆ ಬಿಚ್ಚಿದ. ಒಂದು ಗೋಣಿ ಸರಿಸಿದ. ಎರಡನೆಯದನ್ನು ಸರಿಸುತ್ತಾ ಗೋಡೆಗೂ ಪೆಟ್ಟಿಗೆಗೂ ನಡುವಿನ ಸಂದಿಗೆ ಟಾರ್ಚು ಬಿಟ್ಟವನು ಬೆಚ್ಚಿ ಎರಡು ಹೆಜ್ಜೆ ಹಿಂದಕ್ಕೆ ಬಂದ.

"ಸಾರ್... ಒಳಗೆ ಗೂಡು ಕಟ್ಟೈತೆ!"

ಗಂಗಹನುಮಯ್ಯನವರ ಮುಖ ಊರಗಲವಾಯಿತು. "ಗೂಡಾ? ಕೇಳಿಸ್ಕಂಡ್ಯಾ ಅಂಕಯ್ಯ? ಹೇಳಿರ್ಲಿಲ್ವಾ ನಾನು!" ಎಂದು ಕುಣಿದೇ ಬಿಟ್ಟರು. ಮೂವತ್ತೆರಡು ವರ್ಷದ ಅಭ್ಯಾಸಬಲದಿಂದ ಮುಂದಿನ ಪ್ರಶ್ನೆಯೂ ಹೊರಬಿತ್ತು. "ಬಿಳಿ ಗೂಡೋ, ಹಳದಿ ಗೂಡೋ?"

"ಬೂದಿ ಬಣ್ಣ ಸಾರ್. ಬೆನ್ನ ಮೇಲೆ ಮೂರು ಗೆರೆ ಬೇರೆ ಐತೆ."

ಅಳಿಲು! ಸಾಹೇಬರ ಗೋಣಿಯ ನಾರನ್ನೇ ಕಿತ್ತು, ಸಾಹೇಬರ ಸನ್ಮಾನದ ಶಾಲಿನ ಜರಿ ಕುಚ್ಚನ್ನೇ ಹಾಸಿ, ಸಾಹೇಬರು ನೆನೆಸಿಟ್ಟ ತಂಪಿನಲ್ಲಿ ಅಚ್ಚುಕಟ್ಟಾದ ಗೂಡು ಕಟ್ಟಿತ್ತು. ಒಳಗೆ ಹೆಬ್ಬೆರಳು ಗಾತ್ರದ ಮೂರು ಮರಿ. ಈ ನಾಲ್ಕು ವಾರದಲ್ಲಿ ಆ ಮನೆಯಲ್ಲಿ ಮಧ್ಯಾಹ್ನ ಸುಖವಾಗಿ ನಿದ್ದೆ ಹೊಡೆದವರು ಯಾರಾದರೂ ಇದ್ದರೆ ಅವರೇ.

"ಫ್ಯಾನಿಗೆ ನಾರು ಸುತ್ಕೊಂಡೈತೆ, ಹಿಂದಿನ ಜಾಲರಿ ಪೂರಾ ಮುಚ್ಚೋಗೈತೆ," ಎಂದ ಗಫಾರ್. "ಈ ಗೂಡು ತೆಗೀದೆ ಓಡಿಸಿದ್ರೆ ಕಂಪ್ರೆಸರ್ ಸುಟ್ಟೋಗ್ತದೆ. ತೆಗೀಲಾ ಸಾರ್?"

"ತೆಗಿ, ತೆಗಿ!" ಎಂದರು ಸಾಹೇಬರು.

"ಮುಟ್ಟಿದ್ರೆ ನೋಡಿ!" ದೊಡ್ಡಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಪೆಟ್ಟಿಗೆಗೆ ಅಡ್ಡ ನಿಂತರು. "ಹಸೀ ಬಾಣಂತಿ ಅದು. ಬಾಣಂತೀನ ಮನೆಯಿಂದ ಆಚೆಗೆ ಹಾಕಿದ್ರು ಅನ್ನಿಸ್ಕಳ್ಳೋ ಕರ್ಮ ನಂಗೆ ಬೇಡ. ಮರಿ ಕಣ್ಣು ಬುಟ್ಟು, ಮರ ಹತ್ತೋಗಂಟ ಯಾರೂ ಈ ಕಡೆ ಸುಳೀಕೂಡ್ದು."

"ಎಷ್ಟು ದಿನ ಆಗ್ತದೆ ಅದಕ್ಕೆ?" ಸಾಹೇಬರ ದನಿ ಸಣ್ಣಗಾಗಿತ್ತು.

"ಒಂದು ತಿಂಗ್ಳು ಹಿಡೀಬೋದು ಸಾರ್," ಎಂದ ಗಫಾರ್, ಸಾಮಾನು ಕಟ್ಟುತ್ತಾ. "ಅಮ್ಮ, ಸ್ವಿಚ್ ಹಾಕ್ಬೇಡಿ. ಮರಿ ಹೋದ ಮೇಲೆ ಹೇಳಿ, ಬಂದು ತೊಳೆದು ಓಡಿಸಿಕೊಡ್ತೀನಿ."

"ಭಾವ ಗೆದ್ರು ಕಣಕ್ಕ," ಎಂದ ಅಂಕಯ್ಯ ಗಂಭೀರವಾಗಿ. "ಗೂಡು ಕಟ್ಟತೈತೆ ಅಂದಿದ್ರು, ಕಟ್ಟೇಬುಡ್ತು. ಹೆಸ್ರು ಉಳೀತು ಬುಡಿ."

ಮೂರು ದಿನ ಗಂಗಹನುಮಯ್ಯನವರು ಹಟ ಹಿಡಿದು ಕಾದ ತಾರಸಿಯ ಕೆಳಗೇ ಬೆಂದರು. ನಾಲ್ಕನೆಯ ದಿನ ಊಟ ಮಾಡಿ ಎದ್ದಾಗ ಕಣ್ಣು ಕೆಂಡವಾಗಿ, ಗೋಡೆ ಹಿಡಿದು ನಡೆಯುವ ಸ್ಥಿತಿ. ದೊಡ್ಡಲಕ್ಷ್ಮಮ್ಮನವರಿಗೆ ಪಾಪ ಎನ್ನಿಸಿತು. (ಅವರಿಗೆ ಗಂಡನ ಮೇಲೆ ಪ್ರೀತಿ ಇಲ್ಲವೆಂದು ಯಾರು ಹೇಳಿದರು? ಹೇಳಿಕೊಳ್ಳುವ ಅಭ್ಯಾಸವಿಲ್ಲ, ಅಷ್ಟೆ.) ಹಿಂದಿನ ಜಗಲಿಯಲ್ಲಿ ಸಂಡಿಗೆ ಒಣಗಿಸಲು ಇಟ್ಟುಕೊಂಡಿದ್ದ ತವರಿನ ಬಿದಿರು ಚಂದ್ರಿಕೆಯನ್ನು ಎಳೆದು ತಂದು ಹೊಂಗೆ ಮರದಡಿ ಹಾಸಿದರು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ತಟ್ಟಿ ಅದು. ಮೇಲೊಂದು ಜಮಖಾನ ಹಾಕಿದರು.

"ಬನ್ನಿ, ಬಿದ್ಕಳಿ."

"ಚಂದ್ರಿಕೆ ಮೇಲೆ ನಾನಾ? ಅದು ಹಣ್ಣಾದ ಹುಳಕ್ಕೆ ಕಣೇ."

"ನೀವೇನು ಇನ್ನೂ ಕಾಯಾ? ಹಣ್ಣಾಗಿ ಹೈರಾಣಾಗಿದೀರಿ. ಬಿದ್ಕಳಿ ಸುಮ್ಕೆ."

ಸಾಹೇಬರು ಬೀದಿಯ ಆ ತುದಿ ಈ ತುದಿ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಸಿ ಹೊತ್ತು ಕೂರುತ್ತೇನೆ ಎಂಬ ಷರತ್ತಿನ ಮೇಲೆ ಕೂತರು. ಕೂತವರು ಒರಗಿದರು. ಹೊಂಗೆಯ ಗಾಳಿ ಒಮ್ಮೆ ಬೀಸಿತು. ಎದ್ದಾಗ ಗಂಟೆ ನಾಲ್ಕೂವರೆ. ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ. ಬಿಲ್ಲಿಲ್ಲ, ಫಿಲ್ಟರಿಲ್ಲ, ಶಾಖಮಾಪಕವಿಲ್ಲ. ಮೂವತ್ತೆರಡು ವರ್ಷದ ಕನಸು ಹೊಂಗೆ ಮರದ ಕೆಳಗೆ ಗೊರಕೆಯಾಗಿ ನನಸಾಯಿತು. ಆದರೂ ಬಾಯಿ ಬಿಟ್ಟು ಒಪ್ಪಿಕೊಂಡವರಲ್ಲ. "ಗಫಾರ್ ಬರ್ಲಿ, ಏಸಿ ಸರಿಯಾಗ್ಲಿ, ಒಳಗೇ ಮಲಗ್ತೀನಿ," ಎಂದು ದಿನವೂ ಹೇಳಿ, ಏಸಿ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ದಿನವೂ ಹೊರಗೇ ಮಲಗುತ್ತಿದ್ದರು.

ತಿಂಗಳಾಯಿತು. ಅಳಿಲು ಮರಿಗಳು ಹೊಂಗೆ ಹತ್ತಿದವು. ದೊಡ್ಡಲಕ್ಷ್ಮಮ್ಮ ಗಫಾರನಿಗೆ ಬರಹೇಳಿದರು. ಆ ದಿನ ಗಂಗಹನುಮಯ್ಯನವರಿಗೆ ಎಂದಿಗಿಂತ ಗಾಢ ನಿದ್ದೆ. ಎಚ್ಚರವಾದಾಗ ಎದೆಯ ಮೇಲೆ ಏನೋ ಬಿದ್ದಿತ್ತು. ಎತ್ತಿ ನೋಡಿದರು. ರಟ್ಟು. ತಮ್ಮದೇ ಉರುಟು ಅಕ್ಷರ.

"ಜ್ವರಕ್ಕೆ ಕೂತಿದೆ. ಮುಟ್ಟಬೇಡಿ. ಸದ್ದು ಮಾಡಬೇಡಿ."

"ಇದನ್ಯಾರೇ ನನ್ನ ಕೊರಳಿಗೆ ಹಾಕ್ದೋರು?"

"ನಾನೇ," ಎಂದರು ದೊಡ್ಡಲಕ್ಷ್ಮಮ್ಮ, ಅಕ್ಕಿ ಆರಿಸುತ್ತಾ. "ದಾರೀಲಿ ಹೋಗೋ ನಿಮ್ಮ ರೈತ್ರೆಲ್ಲ 'ಸಾಹೇಬ್ರೇ, ಚೆನ್ನಾಗಿದೀರಾ' ಅಂತ ನಿಂತ್ಕಂಡು ಎಬ್ಬಿಸ್ತಿದ್ರು. ನಿದ್ದೆ ಕೆಡ್ಬಾರ್ದು ಅಂತ ಹಾಕ್ದೆ. ಎಲ್ರೂ ಓದ್ಕಂಡು, ಕೈ ಮುಗ್ದು ಹೋದ್ರು."

ಸಾಹೇಬರು ಧಡಕ್ಕನೆ ಎದ್ದು ಕೂತರು. "ಗಫಾರ್ ಬಂದಿದ್ನಾ?"

"ಬಂದಿದ್ದ. ರೂಮಿನ ಬೀಗದ ಕೈ ನಿಮ್ಮ ಉಡಿದಾರದಾಗೆ ಐತಲ್ಲ, ಎಬ್ಬಿಸಪ್ಪ ಅಂದೆ. ಬೋರ್ಡು ಓದ್ದೋನೇ, 'ಬೇಡಮ್ಮ, ನಾನೂ ರೀಲರ್ ಮಗ, ಜ್ವರಕ್ಕೆ ಕೂತಿರೋದನ್ನ ಮುಟ್ಟಬಾರ್ದು ಅಂತ ನಂಗೂ ಗೊತ್ತು' ಅಂದ್ಬುಟ್ಟು ಗಾಡಿ ತಿರುಗಿಸ್ದ."

"ಅಯ್ಯೋ! ಇನ್ಯಾವಾಗ ಬತ್ತಾನಂತೆ?"

"ಪುರುಸೊತ್ತಿಲ್ವಂತೆ. ಯಾವ್ದಾದ್ರೂ ಒಂದು ತಾರೀಕಿಗೆ ಇಡು ಅಂದೆ," ಎಂದು ದೊಡ್ಡಲಕ್ಷ್ಮಮ್ಮ ಮೊರ ಕುಟ್ಟಿದರು. "ಇಪ್ಪತ್ತೈದಕ್ಕೆ ಇಟ್ಟವ್ನೆ."

ಮುಂಗಾರಿನ ಮೊದಲ ದಪ್ಪ ಹನಿ ಸರಿಯಾಗಿ ಸಾಹೇಬರ ಮೂಗಿನ ಮೇಲೆ ಬಿತ್ತು. ಅವರು ಬೋರ್ಡನ್ನು ಮಳೆಗೆ ಅಡ್ಡವಾಗಿ ತಲೆಯ ಮೇಲೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚಂದ್ರಿಕೆಯನ್ನು ಎಳೆದುಕೊಂಡು ಜಗಲಿಗೆ ಓಡಿದರು. ನೆನೆದರೆ ನಾಳೆ ಮಧ್ಯಾಹ್ನ ಮಲಗುವುದು ಯಾವುದರ ಮೇಲೆ?